ಅಂಕ ನಮ್ಮದು, ಅಳತೆಗೋಲು ಯಾರದು?

ಭದ್ರಾವತಿಯ ನ್ಯೂ ಟೌನ್ ಕಾರ್ಖಾನೆಯನ್ನೇ ನಂಬಿ ಬೆಳೆದ ಊರು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ ಅಲ್ಲಿನವರಿಗೆ ಕೆಲಸವನ್ನೂ ಕೊಟ್ಟಿತು, ಕ್ವಾರ್ಟರ್ಸನ್ನೂ ಕೊಟ್ಟಿತು. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಅದನ್ನು ಮುಚ್ಚುವ ಮಾತು ಬಂತು. ಅಪ್ಪನ ಕಾರ್ಖಾನೆಯ ಭರವಸೆ ಇಲ್ಲದ ಮಕ್ಕಳಿಗೆ ಸಿಇಟಿ ರ‍್ಯಾಂಕ್ ಅಂದ್ರೆ ಮುಂದಿನ ಬದುಕೇ. ಅದಕ್ಕೇ ಮಾಕ್ ಟೆಸ್ಟ್ ಮುಗಿದ ರಾತ್ರಿ ಇಂಥ ಊರುಗಳಿಂದ ಬೆಂಗಳೂರಲ್ಲಿರೋ ಅಕ್ಕ-ಅಣ್ಣಂದಿರಿಗೆ ಫೋನ್ ಬರುತ್ತೆ: "180ಕ್ಕೆ 90 ಬಂದಿದೆ, ರ‍್ಯಾಂಕ್ ಎಷ್ಟಾಗಬಹುದು?"

ಅರ್ಧ ಉತ್ತರ ಸುಲಭ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅರ್ಧ, ದ್ವಿತೀಯ ಪಿಯು ಅರ್ಧ. ಸಿಇಟಿಯಲ್ಲಿ 90 ಅಂದರೆ ಶೇ. 50. ಪಿಯುವಿನ ಮೂರು ವಿಷಯಕ್ಕೆ 300ರಲ್ಲಿ 270 ಬರುತ್ತೆ ಅಂದುಕೊಂಡರೆ ಶೇ. 90. ಎರಡರ ಸರಾಸರಿ 70. ಇಲ್ಲಿಗೆ ಕ್ಯಾಲ್ಕುಲೇಟರ್ ಕೆಲಸ ಮುಗೀತು. ಆ 70 ಯಾವ ರ‍್ಯಾಂಕ್ ಆಗುತ್ತೆ ಅನ್ನೋದು ಮಾತ್ರ ಉಳಿದವರು ಎಷ್ಟು ತೆಗೆದರು ಅನ್ನೋದರ ಮೇಲಿದೆ. ಕೆಲವು ವರ್ಷ ಅಳತೆಗೋಲೇ ಬದಲಾಗಿದ್ದೂ ಇದೆ.

2021 ನೆನಪಿಸಿಕೊಳ್ಳಿ. ಕೋವಿಡ್‌ನಿಂದ ಪಿಯು ಪರೀಕ್ಷೆ ರದ್ದಾಯ್ತು. ಎಸ್ಸೆಸ್ಸೆಲ್ಸಿಗೆ 45, ಪ್ರಥಮ ಪಿಯುಗೆ 45, ಆಂತರಿಕ ಮೌಲ್ಯಮಾಪನಕ್ಕೆ 10 ಅಂತ ಪಾಲು ಹಾಕಿ ಅಂಕ ಕೊಟ್ಟರು. 2,239 ಮಂದಿಗೆ 600ಕ್ಕೆ 600! ಆ ವರ್ಷ ರ‍್ಯಾಂಕಿಗೆ ಸಿಇಟಿ ಅಂಕ ಒಂದೇ ಆಧಾರ.

ತಕರಾರು ಎದ್ದಿದ್ದು 2022ರಲ್ಲಿ. 2021ರ ಬ್ಯಾಚಿನ ಸುಮಾರು 24,000 ಮಂದಿ ಮತ್ತೆ ಸಿಇಟಿ ಬರೆದರು. ಪರೀಕ್ಷಾ ಪ್ರಾಧಿಕಾರ ಅವರ ಪಿಯು ಅಂಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ವಿಷಯ ಹೈಕೋರ್ಟಿಗೆ ಹೋಯ್ತು. ಪರೀಕ್ಷೆ ಬರೆದು ಬಂದ ಅಂಕ ಮತ್ತು ಪರೀಕ್ಷೆಯಿಲ್ಲದೆ ಬಂದ ಅಂಕ, ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಹೇಗೆ? ಕೊನೆಗೆ ಸಮಿತಿಯೊಂದು ಸೂತ್ರ ಕೊಟ್ಟಿತು: ಹಳೇ ಬ್ಯಾಚಿನವರ ಪಿಯು ಅಂಕದಲ್ಲಿ ವಿಷಯಕ್ಕೆ ಸರಾಸರಿ 6 ಕಳೆದು, ಉಳಿದದ್ದನ್ನು ಸೇರಿಸಿಕೊಳ್ಳಿ. ಅಕ್ಟೋಬರಿನಲ್ಲಿ ಹೊಸ ಪಟ್ಟಿ ಬಂತು. ಬರೆದ ಉತ್ತರ ಅದೇ, ರ‍್ಯಾಂಕ್ ಬೇರೆ.

2024ರಲ್ಲಿ ಇನ್ನೊಂದು ಎಡವಟ್ಟು. ನಾಲ್ಕು ವಿಷಯದ 240 ಪ್ರಶ್ನೆಗಳಲ್ಲಿ 50 ಪಠ್ಯದಿಂದ ಹೊರಗಿನವು ಅಂತ ಕೈಬಿಟ್ಟರು. 180ಕ್ಕೆ ಅಭ್ಯಾಸ ಮಾಡಿಕೊಂಡು ಹೋದವರ ಲೆಕ್ಕವೆಲ್ಲ ತಲೆಕೆಳಗು.

ಬೇರೆ ಕಡೆ ಈ ಸಮಸ್ಯೆಗೆ ಬೇರೆ ಉಪಾಯ. ಅಮೆರಿಕದ ಎಸ್‌ಎಟಿ ಪರೀಕ್ಷೆ 1941ರಲ್ಲಿ ಬರೆದವರನ್ನೇ ಮಾನದಂಡ ಮಾಡಿಕೊಂಡು 1995ರವರೆಗೂ ಅದೇ ಮಾಪನದಲ್ಲಿ ಅಂಕ ಕೊಟ್ಟಿತು. ನಮ್ಮ ಜೆಇಇ ಮೇನ್ 2019ರಿಂದ ಅದೇ ಪಾಳಿಯಲ್ಲಿ ಬರೆದವರ ಜೊತೆ ಹೋಲಿಸಿ ಪರ್ಸೆಂಟೈಲ್ ಕೊಡುತ್ತೆ. ಎಲ್ಲಾ ಕಡೆ ಕೇಳಬೇಕಾದ್ದು ಒಂದೇ: ನಿನ್ನನ್ನು ಯಾರ ಪಕ್ಕ ನಿಲ್ಲಿಸಿ ಅಳೀತಿದ್ದಾರೆ?

ಕೋಚಿಂಗ್‌ನವರ ಮಾಕ್ ಟೆಸ್ಟಿನಲ್ಲಿ ಪಕ್ಕ ನಿಲ್ಲೋದು ಅದೇ ಕೋಚಿಂಗ್ ಹುಡುಗರು. ಉಕ್ಕಿನ ಕಾರ್ಖಾನೆಯವರಿಗೆ ಇದು ಬೇಗ ಅರ್ಥವಾಗುತ್ತೆ. ಕುಲುಮೆಯಿಂದ ತೆಗೆದ ಒಂದಿಷ್ಟು ಲೋಹ ಪರೀಕ್ಷಿಸಿದರೆ ಆ ಕುಲುಮೆಯ ಉಕ್ಕು ಹೇಗಿದೆ ಅಂತ ಹೇಳಬಹುದು. ಪಕ್ಕದ ಕುಲುಮೆಯದ್ದನ್ನು ಹೇಳೋಕೆ ಆಗಲ್ಲ.

ಹಾಗಂತ ಅಂದಾಜೇ ಬೇಡ ಅಂತಲ್ಲ. ಮುಂದಿನ ಸಲ ಫೋನ್ ಬಂದಾಗ ಹೀಗೆ ಮಾಡಿ. ಅತಿ ಹೆಚ್ಚು ಅಂಕ ಬಂದ ಒಂದು ಟೆಸ್ಟ್ ಹಿಡ್ಕೊಂಡು ಕೂರಬೇಡಿ. ಕೊನೆಯ ಐದಾರರಲ್ಲಿ ಕನಿಷ್ಠ, ಗರಿಷ್ಠ ಎರಡನ್ನೂ ಕೇಳಿ. ಗಡಿಯಾರ ಇಟ್ಟುಕೊಂಡು ಬರೆದ ಹಳೇ ಸಿಇಟಿ ಪ್ರಶ್ನೆಪತ್ರಿಕೆಗೆ ಹೆಚ್ಚು ಬೆಲೆ ಕೊಡಿ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಜೆಇಇಯಲ್ಲಿ ಕಳೀತಾರೆ. ಒಂದರ ಮಾಕ್‌ನಿಂದ ಇನ್ನೊಂದನ್ನು ಊಹಿಸಬೇಡಿ. ಪಿಯು ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಸೇರಿಸಿ, ಅರ್ಧ ತೂಕ ಅದಕ್ಕೇ ಇದೆಯಲ್ಲ. ಆಮೇಲೆ ಎರಡು ಮೂರು ವರ್ಷದ ರ‍್ಯಾಂಕ್ ಜೊತೆ ಹೋಲಿಸಿ ನೋಡಿ.

ಸಿಗೋದು ಒಂದು ಸಂಖ್ಯೆಯಲ್ಲ, ಇಷ್ಟರಿಂದ ಇಷ್ಟರವರೆಗೆ ಅನ್ನೋ ಅಂದಾಜು. ಅದನ್ನೇ ಹೇಳಿ. ಯಾಕಂದ್ರೆ ನೀವು ಹೇಳಿದ ಒಂದು ಸಂಖ್ಯೆಯನ್ನೇ ನಂಬಿ, ಕೈಗೆಟಕುವ ಕಾಲೇಜನ್ನು ಪಟ್ಟಿಯಿಂದ ತೆಗೆದುಹಾಕೋರು ಇರ್ತಾರೆ.