ದಿನಾಲೂ ಜೋರಾಗಿ ಓಡಿದರೆ ಓಟದ ಟೈಮ್ ಇಳಿಯುತ್ತದೆಯೇ? ನಿಜ ಏನು?

ಹೇಳಿಕೆ: "5 ಕಿ.ಮೀ. ಟೈಮ್ ಇಳಿಯುತ್ತಿಲ್ಲವೇ? ದಿನಾಲೂ ಶಕ್ತಿ ಮೀರಿ ಓಡಿ. ಏದುಸಿರು ಬಂದರಷ್ಟೇ ಲಾಭ."

ನಿಜಾಂಶ: ಇದು ಪೂರ್ತಿ ನಿಜವಲ್ಲ. ವಾರಕ್ಕೆ ಒಂದು ದಿನ ಜೋರಾಗಿ ಓಡುವುದು ಒಳ್ಳೆಯದು. ದಿನಾಲೂ ಹಾಗೆ ಓಡಿದರೆ ಆಯಾಸ, ಗಾಯ ಹೆಚ್ಚುತ್ತವೆ.

ಬಳ್ಳಾರಿಯ ಕೋಟೆ ಗುಡ್ಡದ ಸುತ್ತ, ಸಿರುಗುಪ್ಪದ ಕಾಲುವೆ ದಂಡೆಯಲ್ಲಿ, ಕುರುಗೋಡಿನ ಬೆಟ್ಟದ ಬದಿಯ ರಸ್ತೆಯಲ್ಲಿ ಬೆಳಗಿನ ಜಾವ ಓಡುವ ಯಾರನ್ನೇ ಕೇಳಿ, ಕಥೆ ಒಂದೇ. ಮೊದಲ ಎರಡು-ಮೂರು ತಿಂಗಳು ಟೈಮ್ ಇಳಿಯುತ್ತಲೇ ಹೋಗುತ್ತದೆ. ಆಮೇಲೆ, ಉದಾಹರಣೆಗೆ 32 ನಿಮಿಷಕ್ಕೆ ಬಂದು ಅಲ್ಲೇ ನಿಂತುಬಿಡುತ್ತದೆ. ಆಗ ಬರುವ ಸಲಹೆಗಳಲ್ಲಿ ಮೊದಲನೆಯದೇ ಮೇಲಿನದು.

ಟೈಮ್ ನಿಲ್ಲುವುದು ಏಕೆ?

ಹೊಸ ಕೆಲಸ ಕೊಟ್ಟಾಗ ದೇಹ ಬದಲಾಗುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಆದರೆ ದಿನಾಲೂ ಅದೇ ರಸ್ತೆ, ಅದೇ ದೂರ, ಅದೇ ವೇಗವಾದರೆ ದೇಹಕ್ಕೆ ಬದಲಾಗಲು ಕಾರಣವೇ ಇರುವುದಿಲ್ಲ.

ಇನ್ನೊಂದು ತಪ್ಪೂ ಸಾಮಾನ್ಯ. ನಾವು ಓಡುವ ವೇಗ ದಣಿವಾರಿಸಿಕೊಳ್ಳಲು ಜಾಸ್ತಿ, ಹೊಸ ಸವಾಲಾಗಲು ಕಡಿಮೆ. ಓಟ ಬರೀ ಕೆಲಸ ಕೊಡುತ್ತದೆ. ದೇಹ ಗಟ್ಟಿಯಾಗುವುದು ವಿಶ್ರಾಂತಿಯಲ್ಲಿ.

ಸಂಶೋಧನೆ ಏನು ಹೇಳುತ್ತದೆ?

ವ್ಯಾಯಾಮ ವಿಜ್ಞಾನಿ ಸ್ಟೀಫನ್ ಸೈಲರ್ ಗಮನಿಸಿದಂತೆ, ವಿಶ್ವಮಟ್ಟದ ದೂರ ಓಟಗಾರರ ಅಭ್ಯಾಸದಲ್ಲಿ ಸುಮಾರು 80% ನಿಧಾನದ್ದೇ. ಅವರೂ ಭಾಗಿಯಾಗಿದ್ದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 30 ಹವ್ಯಾಸಿ ಓಟಗಾರರು 10 ವಾರ ಅಭ್ಯಾಸ ಮಾಡಿದರು. ಹೆಚ್ಚಾಗಿ ನಿಧಾನ ಓಡಿ, ಸ್ವಲ್ಪ ಮಾತ್ರ ಜೋರಾಗಿ ಓಡಿದವರ 10 ಕಿ.ಮೀ. ಸಾಧನೆ 5% ಸುಧಾರಿಸಿತು. ಮಧ್ಯಮ ವೇಗದಲ್ಲಿ ಹೆಚ್ಚು ಓಡಿದವರದು 3.6%. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು. ಆದರೆ ಒಂದು ಮಾತು ಸ್ಪಷ್ಟ: ನಿಧಾನ ಓಡಿದವರು ಹಿಂದೆ ಬೀಳಲಿಲ್ಲ.

ಹಾಗೆಂದು ಬರೀ ನಿಧಾನವೂ ಸಾಲದು. 2007ರ ನಾರ್ವೆಯ ಅಧ್ಯಯನದಲ್ಲಿ 8 ವಾರ 4 ನಿಮಿಷಗಳ ಜೋರು ಸುತ್ತುಗಳನ್ನು ಓಡಿದವರಿಗೆ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ 7.2% ಹೆಚ್ಚಿತು. ಕೇವಲ ನಿಧಾನ ಓಡಿದ ಗುಂಪಿನಲ್ಲಿ ಅದು ಹೆಚ್ಚಲಿಲ್ಲ.

ವಾರದ ಲೆಕ್ಕ ಹೀಗಿರಲಿ

• 3 ದಿನ ನಿಧಾನ: ಓಡುತ್ತಲೇ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಬರದಿದ್ದರೆ ವೇಗ ಇಳಿಸಿ. ಸಿರುಗುಪ್ಪದಂಥ ಸಮತಟ್ಟು ಜಾಗ ಇದಕ್ಕೆ ಸರಿ.

• 1 ದಿನ ಜೋರು: 10 ನಿಮಿಷ ಮೆಲ್ಲಗೆ ಓಡಿ ಮೈ ಬಿಸಿ ಮಾಡಿಕೊಳ್ಳಿ. ನಂತರ 4 ನಿಮಿಷ ಜೋರು, 3 ನಿಮಿಷ ನಿಧಾನ. ಮೊದಮೊದಲು 2 ಸುತ್ತು, ವಾರಗಳು ಕಳೆದಂತೆ 4. ಗುಡ್ಡದ ಏರಿನಲ್ಲೂ ಮಾಡಬಹುದು.

• ಉಳಿದ ದಿನ ವಿಶ್ರಾಂತಿ ಅಥವಾ ನಡಿಗೆ. ಚೆನ್ನಾಗಿ ನಿದ್ದೆ ಮಾಡಿ.

6ರಿಂದ 8 ವಾರ ಬಿಟ್ಟು ಟೈಮ್ ನೋಡಿ. ದಿನಾಲೂ ನೋಡಬೇಡಿ.

ಬಳ್ಳಾರಿ ಬಿಸಿಲನ್ನು ಮರೆಯಬೇಡಿ

ಇಲ್ಲಿ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಸೆಖೆಯಲ್ಲಿ ಮೈ ತಂಪಾಗಿಸಲು ರಕ್ತ ಚರ್ಮದ ಕಡೆಗೂ ಹರಿಯಬೇಕು. ಹಾಗಾಗಿ ಅದೇ ವೇಗಕ್ಕೆ ಎದೆಬಡಿತ ಏರುತ್ತದೆ. ಜನವರಿಯ ಟೈಮ್ ಏಪ್ರಿಲ್‌ನಲ್ಲಿ ಬರದಿದ್ದರೆ ಅದು ನಿಮ್ಮ ಸೋಲಲ್ಲ. ಜನವರಿಯನ್ನು ಜನವರಿಗೇ ಹೋಲಿಸಿ. ಸೆಖೆಗೆ ದೇಹ ಒಗ್ಗಲು ಒಂದೆರಡು ವಾರ ಬೇಕು.

ಜಾಕೆಟ್ ಹಾಕಿ ಓಡಿದರೆ ಕೊಬ್ಬು ಬೇಗ ಕರಗುತ್ತದೆ ಎಂಬುದೂ ತಪ್ಪು. ಹೋಗುವುದು ನೀರು, ಕುಡಿದ ಕೂಡಲೇ ಆ ತೂಕ ವಾಪಸ್. ಆದರೆ ಅಪಾಯ ನಿಜ. ಓಡುವಾಗ ಯಾರಾದರೂ ತೊದಲಿದರೆ, ತೂರಾಡಿದರೆ, ಗೊಂದಲಗೊಂಡರೆ ಅದು ಬಿಸಿಲಾಘಾತ ಇರಬಹುದು. ನೆರಳಿಗೆ ತಂದು ಮೈಗೆ ತಣ್ಣೀರು ಹಾಕುತ್ತ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ವೈದ್ಯರನ್ನು ಯಾವಾಗ ಕಾಣಬೇಕು?

ನಿಧಾನ ಓಡಿದರೂ ಸುಸ್ತು, ಏದುಸಿರು ಬಿಡದಿದ್ದರೆ ರಕ್ತದಲ್ಲಿ ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ 57% ಮಂದಿಗೆ ರಕ್ತಹೀನತೆ ಇದೆ. ಅಂಥವರಿಗೆ "ಇನ್ನೂ ಜೋರಾಗಿ ಓಡು" ಎನ್ನುವುದು ಪರಿಹಾರವಲ್ಲ. ಓಡುವಾಗ ಎದೆನೋವು ಅಥವಾ ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ, ವೈದ್ಯರನ್ನು ಕಾಣಿ.

ಕೊನೆಯ ಮಾತು: ಟೈಮ್ ನಿಂತಾಗ ಹೆಚ್ಚಿನ ದಿನ ವೇಗ ಇಳಿಸಿ, ಒಂದು ದಿನ ಏರಿಸಿ. "ದಿನಾಲೂ ಶಕ್ತಿ ಮೀರಿ ಓಡಿ" ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ನಿಮ್ಮ ಓಟದ ಗೆಳೆಯರಿಗೆ ಇದನ್ನು ಕಳಿಸಿ.