ಸಲೋನಿಕಾದ ಎರಡು ಕೋಣೆಗಳು: ಆರ್ಚಿ ಕಾಕ್ರನ್ ಬದುಕಿನ ಒಂದು ಮರುಓದು

ಗ್ರೀಸಿನ ಸಲೋನಿಕಾದಲ್ಲಿ ಜರ್ಮನ್ನರ ಯುದ್ಧಕೈದಿಗಳ ಶಿಬಿರ, 1941. ಎರಡು ಸಣ್ಣ ಕೋಣೆಗಳಲ್ಲಿ ಹತ್ತತ್ತು ಜನ ಕೈದಿಗಳು. ಎಲ್ಲರ ಕಾಲೂ ಬಾತಿದೆ. ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಹಾಗೇ ನಿಲ್ಲುತ್ತದೆ. ಒಂದು ಕೋಣೆಯವರಿಗೆ ದಿನವೂ ಯೀಸ್ಟ್, ಇನ್ನೊಂದು ಕೋಣೆಯವರಿಗೆ ವಿಟಮಿನ್ ಸಿ ಮಾತ್ರೆ. ಮೂತ್ರದ ಪ್ರಮಾಣ ಅಳೆಯೋಣವೆಂದರೆ ಸಾಕಷ್ಟು ಬಕೆಟ್ಟುಗಳಿಲ್ಲ. ಹಾಗಾಗಿ ಯಾರು ಎಷ್ಟು ಸಲ ಹೋದರು ಎಂಬುದಷ್ಟೇ ಲೆಕ್ಕ. ಲೆಕ್ಕ ಇಡುತ್ತಿರುವ ವೈದ್ಯರೂ ಕೈದಿಯೇ. ಅವರ ಕಾಲೂ ಬಾತಿದೆ, ಮೈಗೆ ಕಾಮಾಲೆ ಹತ್ತಿದೆ.

ಅವರು ಆರ್ಚಿಬಾಲ್ಡ್ ಲೀಮನ್ ಕಾಕ್ರನ್ (1909–1988), ಸ್ಕಾಟ್ಲೆಂಡಿನ ಗ್ಯಾಲಶೀಲ್ಸ್‌ನವರು. ತಂದೆ 1917ರಲ್ಲಿ ಗಾಜಾದ ರಣರಂಗದಲ್ಲಿ ಮಡಿದಾಗ ಹುಡುಗನಿಗೆ ಎಂಟು ವರ್ಷ. ವೈದ್ಯಕೀಯ ಓದನ್ನು ನಡುವೆ ನಿಲ್ಲಿಸಿ ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪರ ವೈದ್ಯಕೀಯ ದಳ ಸೇರಿದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ವೈದ್ಯಾಧಿಕಾರಿಯಾಗಿದ್ದಾಗ ಕ್ರೀಟ್ ದ್ವೀಪದಲ್ಲಿ ಸೆರೆಸಿಕ್ಕರು. ಚಿಕಿತ್ಸೆಯೊಂದರ ಬಗ್ಗೆ ಅನುಮಾನ ಬಂದಾಗ ಇಂದಿನ ವೈದ್ಯರು ತೆರೆದು ನೋಡುವ ‘ಕಾಕ್ರನ್ ರಿವ್ಯೂ’ಗಳು ಇವರ ಹೆಸರನ್ನೇ ಹೊತ್ತಿವೆ. ಇವರನ್ನು ನೆನೆಯುವ ಬರಹಗಳಲ್ಲಿ ಸಾಮಾನ್ಯವಾಗಿ ಎರಡು ಚಿತ್ರಗಳು ಬರುತ್ತವೆ: ಕೈದಿಗಳ ನಡುವೆ ದುಡಿದ ಸೈನಿಕ ವೈದ್ಯ ಒಂದು, ಅಂಕಿಅಂಶಗಳ ಕಟ್ಟುನಿಟ್ಟಿನ ವಿದ್ವಾಂಸ ಇನ್ನೊಂದು. ಅವೆರಡೂ ಅಕ್ಕಪಕ್ಕ ನಿಲ್ಲುತ್ತವೆಯೇ ಹೊರತು ಒಂದರೊಳಗೊಂದು ಬೆರೆಯುವುದಿಲ್ಲ. ನನ್ನ ವಾದವಿಷ್ಟು: ಆ ವಿದ್ವಾಂಸ ಹುಟ್ಟಿದ್ದೇ ಆ ವೈದ್ಯನ ಅಸಹಾಯಕತೆಯಿಂದ. ಪುರಾವೆ ಬೇಕೆಂಬ ಹಟದ ಬೇರು ಲೆಕ್ಕದ ಮೋಹದಲ್ಲಿಲ್ಲ. ಸರಿಯಾಗಿ ತಿಳಿಯದೆ ಗೆಳೆಯರ ಮೈಮೇಲೆ ಕೈಯಿಡಬೇಕಾಗಿ ಬಂದವರ ಸಂಕಟದಲ್ಲಿದೆ.

ಈ ಓದಿಗೆ ಆಧಾರ ಮೂರು ಬರಹಗಳು. ಚಿಕಿತ್ಸೆಯ ಪರಿಣಾಮ ಮತ್ತು ದಕ್ಷತೆಯನ್ನು ಕುರಿತ 1972ರ ಪುಸ್ತಕ, ಸಲೋನಿಕಾ ಪ್ರಯೋಗವನ್ನು ಕುರಿತು 1984ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೇಖನ, ತೀರಿಕೊಂಡ ಮರುವರ್ಷ ಹೊರಬಂದ ಆತ್ಮಕಥೆ. ಮೂರೂ ಘಟನೆಗಳಾಗಿ ಮೂವತ್ತು, ನಲವತ್ತು ವರ್ಷಗಳ ಮೇಲೆ ಬಂದಂಥವು. ಅವುಗಳ ಅಂಕಿಗಳನ್ನು ನೆನಪಿನ ಅಂಕಿಗಳೆಂದೇ ಎಣಿಸಬೇಕು. ಆದರೆ ಅಷ್ಟು ವರ್ಷಗಳ ನಂತರ ಅವರು ಯಾವುದನ್ನು ಆಯ್ದು ಹೇಳಿದರು ಎಂಬುದಕ್ಕೆ ಅದರದೇ ಬೆಲೆಯಿದೆ.

ಸಲೋನಿಕಾದಲ್ಲಿ ಸುಮಾರು 20,000 ಕೈದಿಗಳಿದ್ದರು. ಬಹುಕಾಲ ಕಾಕ್ರನ್ ಒಬ್ಬರೇ ವೈದ್ಯರು. ತಲೆಗೆ ದಿನಕ್ಕೆ 600 ಕ್ಯಾಲೊರಿಯಷ್ಟು ಆಹಾರ. ಎಲ್ಲರಿಗೂ ಭೇದಿ, ಅದರ ಮೇಲೆ ಟೈಫಾಯ್ಡ್, ಡಿಫ್ತೀರಿಯಾ, ಕಾಮಾಲೆ. ಔಷಧಿಯೆಂದರೆ ಒಂದಿಷ್ಟು ಆಸ್ಪಿರಿನ್, ಆಂಟಾಸಿಡ್, ಚರ್ಮಕ್ಕೆ ಹಚ್ಚುವ ನಂಜುನಿವಾರಕ. ಡಿಫ್ತೀರಿಯಾ ಒಂದೇ ನೂರಾರು ಜನರನ್ನು ಒಯ್ಯುತ್ತದೆಂದು ಅವರು ಎಣಿಸಿದ್ದರು. ಸತ್ತವರು ನಾಲ್ವರು, ಅವರಲ್ಲಿ ಮೂವರು ಕಾವಲಿನವರ ಗುಂಡಿಗೆ ಬಲಿಯಾದವರು. ಇನ್ನಷ್ಟು ವೈದ್ಯರನ್ನು ಕೊಡಿ ಎಂದು ಕೇಳಿದಾಗ ಜರ್ಮನ್ ವೈದ್ಯಾಧಿಕಾರಿ, ವೈದ್ಯರ ಅಗತ್ಯವೇ ಇಲ್ಲ ಎಂದುಬಿಟ್ಟ. ಕಾಕ್ರನ್ ಕೆರಳಿದರು, ಆ ಸಿಟ್ಟಿನಲ್ಲಿ ಒಂದು ಕವನವನ್ನೂ ಬರೆದರು. ಆತ ಹಾಗೆಂದದ್ದು ಕ್ರೌರ್ಯದಿಂದಲೋ ವಿವೇಕದಿಂದಲೋ ಎಂದು ಎಷ್ಟೋ ಕಾಲ ಯೋಚಿಸಿ, ಕೊನೆಗೆ ಅವನ ಮಾತು ನಿಜವೆಂದು ಒಪ್ಪಿಕೊಂಡರು. ಇದನ್ನು ಒಪ್ಪಿಕೊಳ್ಳಲು ವೈದ್ಯನಾದವನಿಗೆ ಎಷ್ಟು ಎದೆಗಾರಿಕೆ ಬೇಕು!

ಯೀಸ್ಟ್ ಬಂದದ್ದು ಕಾಳಸಂತೆಯಿಂದ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಲಿಂಡ್ ಹಡಗಿನ ಮೇಲೆ ಸ್ಕರ್ವಿ ರೋಗಿಗಳ ಮೇಲೆ ನಡೆಸಿದ ಪ್ರಯೋಗ ಕಾಕ್ರನ್‌ಗೆ ನೆನಪಿತ್ತು. ಅದೇ ಮಾದರಿಯಲ್ಲಿ ಎರಡು ಕೋಣೆಗಳನ್ನು ಹೋಲಿಸಿದರು. ಮೊದಲೆರಡು ದಿನ ಎರಡಕ್ಕೂ ವ್ಯತ್ಯಾಸವಿಲ್ಲ. ನಾಲ್ಕನೆಯ ದಿನದ ಹೊತ್ತಿಗೆ ಯೀಸ್ಟ್ ಕೋಣೆಯ ಹತ್ತರಲ್ಲಿ ಎಂಟು ಜನ ಚೇತರಿಸಿಕೊಂಡಿದ್ದರು. ಇನ್ನೊಂದು ಕೋಣೆಯಲ್ಲಿ ಒಬ್ಬರೂ ಇಲ್ಲ. ಲೆಕ್ಕವನ್ನು ಬರೆದು ಜರ್ಮನ್ನರ ಮುಂದಿಟ್ಟರು. ಯೀಸ್ಟ್ ಬಂತು, ಬಾವು ಇಳಿಯಿತು. ಆದರೆ 1984ರ ಲೇಖನದಲ್ಲಿ ಇದೇ ಪ್ರಯೋಗವನ್ನು ಅವರೇ ಬಿಚ್ಚಿ ಕೆಡವುತ್ತಾರೆ. ರೋಗಿಗಳ ಸಂಖ್ಯೆ ತೀರ ಸಣ್ಣದು, ಅಳತೆ ಒರಟು, ಕಾಲು ಬಾಯುವುದಕ್ಕೆ ತಾವು ಊಹಿಸಿದ ಕಾರಣವೇ ಬಹುಶಃ ತಪ್ಪು. ತಮ್ಮ ಮೊದಲ, ಅತಿ ಕೆಟ್ಟ, ಅತಿ ಯಶಸ್ವಿ ಪ್ರಯೋಗ ಇದೇ ಎಂದು ತಲೆಬರಹದಲ್ಲೇ ಸಾರುತ್ತಾರೆ. ಯಶಸ್ಸು ಕೈಗೆ ಬಂದರೂ ಅದು ಪುರಾವೆಯಾಗದು ಎಂಬ ಈ ಬಿಗುವು ನನಗೆ ಪ್ರಯೋಗಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಬೇರು ಇನ್ನೂ ಆಳದಲ್ಲಿರುವುದು ಆಮೇಲೆ ಅವರು ಸೆರೆಯಲ್ಲಿದ್ದ ಜರ್ಮನಿಯ ಎಲ್ಸ್ಟರ್‌ಹೋರ್ಸ್ಟ್ ಶಿಬಿರದಲ್ಲಿ. ಅಲ್ಲಿ ಅವರ ಪಾಲಿಗೆ ಬಂದವರು ಕ್ಷಯರೋಗಿ ಕೈದಿಗಳು. ಆ ದಿನಗಳಲ್ಲಿ ವೈದ್ಯರ ಚಿಕಿತ್ಸಾ ಸ್ವಾತಂತ್ರ್ಯವನ್ನು ಎತ್ತಿಹಿಡಿಯುವ ಕರಪತ್ರವೊಂದು ಕೈಗೆ ಸಿಕ್ಕಿತು. ಓದಿ ಅವರಿಗೆ ಹೊಳೆದದ್ದು ವಿಚಿತ್ರ ಸತ್ಯ: ಸೆರೆಯಲ್ಲಿದ್ದರೂ ಆ ಸ್ವಾತಂತ್ರ್ಯ ತಮಗೆ ಬೇಕಾದಷ್ಟಿದೆ. ಇಲ್ಲದ್ದು ತಿಳಿವಳಿಕೆ. ಶ್ವಾಸಕೋಶವನ್ನು ಕುಗ್ಗಿಸಬೇಕೋ, ಬರೀ ಮಲಗಿಸಬೇಕೋ? ಯಾರಿಗೆ, ಯಾವಾಗ? ಒಂದಿಷ್ಟು ತಿಳಿವಳಿಕೆಗಾಗಿ ಆ ಸ್ವಾತಂತ್ರ್ಯವನ್ನೇ ಬಿಟ್ಟುಕೊಡಲು ಅವರು ಸಿದ್ಧರಿದ್ದರು. ಬೇಡದ ಚಿಕಿತ್ಸೆ ಕೊಟ್ಟು ಕೆಲವು ಗೆಳೆಯರ ಆಯುಸ್ಸನ್ನು ತಾನೇ ಕಡಿಮೆ ಮಾಡಿದೆನೇನೋ ಎಂಬ ಭಯವನ್ನು 1972ರ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಈ ಭಯವನ್ನು ಬಿಟ್ಟು ಮುಂದಿನ ಕಾಕ್ರನ್ ಅರ್ಥವಾಗುವುದಿಲ್ಲ. ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರ ಪಾಠಗಳನ್ನು ಕೇಳಿದರು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ಹೋಲಿಸುವ ಯಾದೃಚ್ಛಿಕ ಪ್ರಯೋಗ ಎಂಬ ಹತಾರ ಸಿಕ್ಕಿತು. 1948ರಿಂದ ವೇಲ್ಸಿನಲ್ಲಿ ಗಣಿಕಾರ್ಮಿಕರ ಶ್ವಾಸಕೋಶದ ಕಾಯಿಲೆಯ ಅಧ್ಯಯನ. ರೋಂಡಾ ಫಾಖ್ ಕಣಿವೆಯಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರನ್ನು ಎಕ್ಸ್‌ರೇ ಯಂತ್ರದ ಮುಂದೆ ನಿಲ್ಲಿಸಿದರು. ಇಪ್ಪತ್ತು ವರ್ಷಗಳ ಮೇಲೂ ಅದೇ ಜನರ ಲೆಕ್ಕ ಕೈಬಿಡಲಿಲ್ಲ.

ಹೃದಯಾಘಾತದ ರೋಗಿಗಳನ್ನು ಆಸ್ಪತ್ರೆಯ ವಿಶೇಷ ಘಟಕದಲ್ಲಿಟ್ಟು ನೋಡುವುದು ಮೇಲೋ, ಮನೆಯಲ್ಲೇ ನೋಡುವುದು ಮೇಲೋ ಎಂಬ ಪ್ರಯೋಗದ ಬಗ್ಗೆ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. ಮೊದಲ ಫಲಿತಾಂಶದಲ್ಲಿ ಮನೆಯ ಕಡೆ ಸಾವು ತುಸು ಕಡಿಮೆ. ಕಾಕ್ರನ್ ಅಂಕಿಗಳನ್ನು ಅದಲುಬದಲು ಮಾಡಿ ಹೃದ್ರೋಗ ತಜ್ಞರಿಗೆ ತೋರಿಸಿದರು. ಇದು ಅನ್ಯಾಯ, ಪ್ರಯೋಗವನ್ನು ಈಗಲೇ ನಿಲ್ಲಿಸಿ ಎಂದು ಅವರು ಹರಿಹಾಯ್ದರು. ಆಗ ನಿಜವಾದ ಪಟ್ಟಿಯನ್ನು ಮುಂದಿಟ್ಟು, ಹಾಗಾದರೆ ಆಸ್ಪತ್ರೆಯ ಘಟಕಗಳನ್ನು ಮುಚ್ಚಬೇಕಲ್ಲವೇ ಎಂದು ಕೇಳಿದರು. ಕೋಣೆ ಮೌನವಾಯಿತು.

ಇಂಥದೇ ಪ್ರಶ್ನೆಯನ್ನು ನಮ್ಮ ನೆರೆಯ ಮದರಾಸಿನಲ್ಲಿ 1950ರ ದಶಕದಲ್ಲೇ ಕೇಳಿದ್ದುಂಟು. ಬಡ ಕ್ಷಯರೋಗಿಯನ್ನು ಸ್ಯಾನಿಟೋರಿಯಂಗೆ ಸೇರಿಸಬೇಕೇ, ಮನೆಯಲ್ಲೇ ಮಾತ್ರೆ ಕೊಟ್ಟರೆ ಸಾಕೇ? ಮನೆಯ ಚಿಕಿತ್ಸೆ ಸಾಕು, ಅದರಿಂದ ಮನೆಯವರಿಗೆ ಸೋಂಕಿನ ಅಪಾಯ ಹೆಚ್ಚುವುದಿಲ್ಲ ಎಂದು 1959ರ ವರದಿಯೂ ಅದರ ಮುಂದಿನ ಅಧ್ಯಯನಗಳೂ ತೋರಿಸಿದವು. 1959ರಲ್ಲೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಹಾಸಿಗೆಗಳಿಲ್ಲದ ದೇಶಕ್ಕೂ ಔಷಧಿಯಿಲ್ಲದ ಶಿಬಿರಕ್ಕೂ ಪುರಾವೆಯ ಹಸಿವು ಒಂದೇ ಬಗೆಯದು. ಇರುವುದೇ ಇಷ್ಟು ಎಂದಾಗ, ಅದರಲ್ಲಿ ಯಾವುದು ಕೆಲಸ ಮಾಡುತ್ತದೆ ಎಂದು ತಿಳಿಯದೆ ದಾರಿಯಿಲ್ಲ.

ಎಲ್ಸ್ಟರ್‌ಹೋರ್ಸ್ಟ್‌ನ ಒಂದು ರಾತ್ರಿಯನ್ನು ಹೇಳದೆ ಈ ಲೇಖನ ಮುಗಿಯದು. ಸಾಯುತ್ತಿದ್ದ ಸೋವಿಯತ್ ಸೈನಿಕನೊಬ್ಬನನ್ನು ತಡವಾಗಿ ತಂದರು. ಚೀರಾಟದಿಂದ ಉಳಿದವರು ಏಳಬಾರದೆಂದು ಕಾಕ್ರನ್ ಅವನನ್ನು ತಮ್ಮ ಕೋಣೆಯಲ್ಲೇ ಮಲಗಿಸಿದರು. ಪರೀಕ್ಷಿಸಿದಾಗ ಎದೆಯ ಪೊರೆಯ ಉರಿಯೂತ ಕಂಡಿತು. ನೋವಿಗೆ ಅದೇ ಕಾರಣವೆಂದುಕೊಂಡರು. ಮಾರ್ಫಿನ್ ಇಲ್ಲ. ಅವನಾಡುವ ರಷ್ಯನ್ ಇವರಿಗೆ ಅಷ್ಟಾಗಿ ಬಾರದು. ಏನೂ ತೋಚದೆ ಹಾಸಿಗೆಯ ಮೇಲೆ ಕುಳಿತು ಅವನನ್ನು ತೋಳಲ್ಲಿ ಅವಚಿಕೊಂಡರು. ಚೀರಾಟ ಆ ಗಳಿಗೆಯಲ್ಲೇ ನಿಂತಿತು. ಕೆಲವು ಗಂಟೆಗಳ ನಂತರ ಅವನು ಅದೇ ತೋಳುಗಳಲ್ಲಿ ಶಾಂತವಾಗಿ ಕೊನೆಯುಸಿರೆಳೆದ.

ಈ ಕಥೆಯನ್ನು ಕರುಣೆಯ ಕಥೆಯೆಂದು ಎಲ್ಲರೂ ಎತ್ತಿ ಹೇಳುತ್ತಾರೆ. ಕಾಕ್ರನ್ ಅದನ್ನು ಬರೆದಿಟ್ಟಿರುವುದು ಬೇರೆ ರೀತಿಯಲ್ಲಿ. ಅವನನ್ನು ಚೀರಿಸುತ್ತಿದ್ದದ್ದು ಒಂಟಿತನ, ತಾನು ಅದನ್ನು ಎದೆಯ ನೋವೆಂದು ತಿಳಿದೆ. ಅಂದರೆ ರೋಗನಿರ್ಣಯದಲ್ಲಿ ಎಡವಿದೆ. ಆ ನಾಚಿಕೆಯಿಂದ ಅವರು ಅದನ್ನು ಎಷ್ಟೋ ಕಾಲ ಯಾರಿಗೂ ಹೇಳಲಿಲ್ಲ.