ಹೆಸರಿನ ಮುಂದೆ ನಿಂತ ತಮಟೆ

ದೊಡ್ಡ ವಾದ್ಯಗಾರರ ಹೆಸರಿನ ಮುಂದೆ ಅವರ ವಾದ್ಯವನ್ನೇ ಬಿರುದಿನಂತೆ ಸೇರಿಸಿ ಕರೆಯುವ ವಾಡಿಕೆ ಮೈಸೂರು ಸೀಮೆಯಲ್ಲಿ ಹಳೆಯದು. ವೀಣೆ ಶೇಷಣ್ಣ, ಪಿಟೀಲು ಚೌಡಯ್ಯ ಎಂದರೆ ಸಾಕು, ಬೇರೆ ಪರಿಚಯ ಬೇಕಿಲ್ಲ. 2023ರ ಜನವರಿಯಲ್ಲಿ ಪದ್ಮಶ್ರೀ ಪ್ರಶಸ್ತಿಗಳ ಪಟ್ಟಿ ಹೊರಬಿದ್ದಾಗ ಈ ಸಾಲಿನ ಇನ್ನೊಂದು ಹೆಸರು ನಾಡಿನ ಕಿವಿಗೆ ಬಿತ್ತು: ತಮಟೆ ಮುನಿವೆಂಕಟಪ್ಪ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಈ ಕಲಾವಿದರಿಗೆ ಆಗ ಎಪ್ಪತ್ತು ದಾಟಿತ್ತು. ಹದಿಹರೆಯದಲ್ಲಿ ಹಿಡಿದ ತಮಟೆಯನ್ನು ಅವರು ಕೆಳಗಿಟ್ಟಿರಲಿಲ್ಲ. ಹೆಸರಿನ ಮುಂದೆ ವೀಣೆ ಬಂದರೆ ಅದು ಗೌರವ. ತಮಟೆ ಬಂದರೆ ಅದು ಬಹುಕಾಲ ಜಾತಿಯನ್ನು ಹೇಳುವ ಮಾತಾಗಿತ್ತು.

ಯಲಹಂಕದಿಂದ ಬಳ್ಳಾರಿ ರಸ್ತೆ ಹಿಡಿದು ದೇವನಹಳ್ಳಿಗೆ ಹೋಗಿ, ಅಲ್ಲಿಂದ ವಿಜಯಪುರ ದಾಟಿದರೆ ಶಿಡ್ಲಘಟ್ಟ. ಈ ದಾರಿಯುದ್ದಕ್ಕೂ ತಮಟೆಯ ಸೀಮೆಯೇ. ಹೆಬ್ಬಾಳ, ಯಶವಂತಪುರದಂಥ ಕಡೆ ಊರು ನಗರದ ಹೊಟ್ಟೆಗೆ ಹೋಗಿ ಎಷ್ಟೋ ಕಾಲವಾದರೂ, ಗ್ರಾಮದೇವತೆಯ ಊರಹಬ್ಬಕ್ಕೂ ಗಣೇಶನ ಮೆರವಣಿಗೆಗೂ ಹೆಣದ ಮುಂದೆಯೂ ಇದರ ಸದ್ದು ಬೇಕೇ ಬೇಕು. ಉತ್ತರ ಕರ್ನಾಟಕದವರು ಇದನ್ನೇ ಹಲಗೆ ಎನ್ನುತ್ತಾರೆ. ತೆಲುಗರ ಡಪ್ಪು, ತಮಿಳರ ಪರೈ ಇದರ ಒಡಹುಟ್ಟುಗಳು. ಬಹಿಷ್ಕೃತ ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಬಳಕೆಯಾಗುವ 'ಪರಾಯ' ಎಂಬ ಮಾತು ಆ ಪರೈ ಬಾರಿಸುವವರ ಜಾತಿಯ ಹೆಸರಿನಿಂದಲೇ ಹೋದದ್ದು. ವಾದ್ಯವೊಂದರ ಹೆಸರು ಮೊದಲು ಜಾತಿಗೆ ಅಂಟಿ, ಆಮೇಲೆ ಸಮುದ್ರ ದಾಟಿ ಬೈಗುಳವಾದದ್ದು ಹೀಗೆ.

ವಾದ್ಯದ ರಚನೆ ಬಹಳ ಸರಳ. ಒಂದು ಬಳೆ, ಅದರ ಒಂದು ಮುಖಕ್ಕೆ ಬಿಗಿದ ಚರ್ಮ. ಬಾರಿಸುವ ಮೊದಲು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದರೆ ಚರ್ಮ ಬಿಗಿಯಾಗಿ ಕಂಠ ಏರುತ್ತದೆ. ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕಡ್ಡಿ, ಇನ್ನೊಂದರಲ್ಲಿ ಉದ್ದನೆಯ ತೆಳು ಸೀಳು. ದಪ್ಪ ಕಡ್ಡಿ ಪೆಟ್ಟನ್ನು ಹೇಳಿದರೆ ತೆಳು ಕಡ್ಡಿ ಬಿಡದೆ ಚಿಟಪಟ ಎನ್ನುತ್ತ ಪೆಟ್ಟುಗಳ ನಡುವಿನ ಜಾಗವನ್ನು ತುಂಬುತ್ತದೆ. ಸಾವಿನ ಪೆಟ್ಟು ಬೇರೆ, ಜಾತ್ರೆಯ ಪೆಟ್ಟು ಬೇರೆ. ಹೊಲದಲ್ಲಿದ್ದವರಿಗೆ ಊರಲ್ಲಿ ಏನು ನಡೆದಿದೆ ಎಂಬುದು ಸದ್ದಿನಿಂದಲೇ ತಿಳಿಯುತ್ತಿತ್ತು.

ಹತ್ತು ಜನ ಸಾಲಾಗಿ ನಿಂತು ಬಾರಿಸುವಾಗಲೂ ಅವರಲ್ಲಿ ಒಬ್ಬ ಮುಂದಾಳು ಇದ್ದೇ ಇರುತ್ತಾನೆ. ಅವನು ಪೆಟ್ಟು ಬದಲಿಸಿದರೆ ಉಳಿದವರು ಬದಲಿಸುತ್ತಾರೆ. ಅವನು ಕುಣಿತಕ್ಕೆ ಇಳಿದರೆ ಸಾಲು ಹಿಂದೆ ಸರಿದು ಅವನಿಗೆ ಜಾಗ ಬಿಡುತ್ತದೆ. ತಮಟೆ ನಿಲ್ಲಿಸದೆ ಹಿಂದಕ್ಕೆ ಬಾಗಿ ನೆಲದ ಮೇಲಿನ ನೋಟನ್ನು ಬಾಯಲ್ಲಿ ಎತ್ತುವ ಚಮತ್ಕಾರವನ್ನು ಕಂಡವರು ವರ್ಷಗಟ್ಟಲೆ ನೆನೆಯುತ್ತಾರೆ. ಎತ್ತಿದವನ ಹೆಸರೇನು ಎಂದರೆ ಮಾತ್ರ ಬಾಯಿ ಕಟ್ಟುತ್ತದೆ. ಇದು ಮರೆವಿನ ದೋಷವಲ್ಲ. ದಂಡಿನ ಬ್ಯಾಂಡಿನಲ್ಲೂ ಡ್ರಮ್ಮಿನವರು ಸಾಲಿನಲ್ಲಿ ಕರಗಿಹೋಗುತ್ತಾರೆ, ಆದರೆ ಅಲ್ಲಿ ಅವರ ಹೆಸರು ಹಾಜರಿ ಪುಸ್ತಕದಲ್ಲಾದರೂ ಇರುತ್ತದೆ. ತಮಟೆಯವನಿಗೆ ಅದೂ ಇರಲಿಲ್ಲ, ಏಕೆಂದರೆ ಊರಿಗೆ ಬೇಕಾದದ್ದು ಕಲಾವಿದನಲ್ಲ, ಚಾಕರ.

ಹೆಬ್ಬಾಳದ ಕಿತ್ತಯ್ಯನ ಶಾಸನವನ್ನು ಇಲ್ಲಿ ನೆನೆಯಬಹುದು. ಗಂಗರ ಶ್ರೀಪುರುಷನ ಕಾಲದ, ಕ್ರಿ.ಶ. 750ರ ಸುಮಾರಿನ ಆ ವೀರಗಲ್ಲು ಕಾಳಗದಲ್ಲಿ ಬಿದ್ದ ಒಬ್ಬನ ಹೆಸರನ್ನು 1,200 ವರ್ಷಗಳಿಗೂ ಹೆಚ್ಚು ಕಾಲ ಕಾಪಾಡಿದೆ. ಕಾಳಗಕ್ಕೆ ವಾದ್ಯ ನುಡಿಸಿದವರಿಗೆ ಕಲ್ಲು ನಿಲ್ಲಿಸುವ ಪದ್ಧತಿ ಯಾರಿಗೂ ಇರಲಿಲ್ಲ.

ಹಳ್ಳಿಯ ಲೆಕ್ಕದಲ್ಲಿ ತಮಟೆ ಒಂದು ಹುದ್ದೆಯ ಭಾಗ. ಡಂಗುರ ಸಾರುವುದು, ಸಾವಿನ ಸುದ್ದಿ ಮುಟ್ಟಿಸುವುದು, ಅಧಿಕಾರಿಗಳು ಬಂದರೆ ಮುಂದೆ ಓಡುವುದು, ಎಲ್ಲ ತೋಟಿಯ ಕೆಲಸ. ಅದು ವಂಶದಿಂದ ವಂಶಕ್ಕೆ ಬರುತ್ತಿತ್ತು, ಮನೆಗಳು ಸರದಿಯ ಮೇಲೆ ಮಾಡುತ್ತಿದ್ದವು. ಪ್ರತಿಫಲವಾಗಿ ಒಂದು ತುಂಡು ಇನಾಮು ಭೂಮಿ, ಸುಗ್ಗಿಯಲ್ಲಿ ಒಂದಿಷ್ಟು ಕಾಳು. ಸರದಿಯ ಮನೆಯವನು ಚೆನ್ನಾಗಿ ಬಾರಿಸಲಿ, ಕೆಟ್ಟದಾಗಿ ಬಾರಿಸಲಿ, ಕೊಡುವುದರಲ್ಲಿ ವ್ಯತ್ಯಾಸವಿಲ್ಲ. ಇಂಥ ಕಡೆ ಪ್ರತಿಭೆಗೆ ಹೆಸರು ಬರುವುದಾದರೂ ಹೇಗೆ? ಗ್ರಾಮ ಹುದ್ದೆಗಳ ರದ್ದತಿಗೆ 1961ರಲ್ಲಿ ಕಾನೂನಾಗಿ, 1963ರ ಫೆಬ್ರುವರಿಯಿಂದ ವಂಶಪಾರಂಪರ್ಯದ ಹುದ್ದೆಗಳು ಕಾಗದದ ಮೇಲೆ ಇಲ್ಲವಾದವು. ಹುದ್ದೆ ಹೋಯಿತು, ಬಾರಿಸು ಎನ್ನುವ ಊರಿನ ಹಕ್ಕು ಅಷ್ಟು ಸುಲಭವಾಗಿ ಹೋಗಲಿಲ್ಲ.

ಎಪ್ಪತ್ತರ ದಶಕದಲ್ಲಿ ಪ್ರಶ್ನೆ ಬೀದಿಗೆ ಬಂತು. ಮುಂದೆ ಯಲಹಂಕ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿ ಬಂದ ಬಿ. ಬಸವಲಿಂಗಪ್ಪ ಆಗ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿ. ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ನಿಷೇಧ ತಂದವರು ಅವರು. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದು ದೊಡ್ಡ ಗಲಭೆಯಾಗಿ ಅವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಗಲಭೆಯ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ಬೆಳೆಯಿತು, ಅದರೊಡನೆ ತಮಟೆಯ ಬಗ್ಗೆ ಎರಡು ಮಾತುಗಳೂ ಬೆಳೆದವು. ಮಲ ಹೊರುವುದನ್ನು ಬಿಟ್ಟಂತೆ ಇದನ್ನೂ ಬಿಸಾಡಬೇಕು, ಇದು ಅವಮಾನದ ಗುರುತು ಎಂದರು ಕೆಲವರು. ಮಲದ ಬುಟ್ಟಿಯಲ್ಲಿ ವಿದ್ಯೆಯಿಲ್ಲ, ತಮಟೆಯಲ್ಲಿದೆ. ಬಿಡಬೇಕಾದದ್ದು ಚಾಕರಿಯನ್ನೇ ಹೊರತು ವಾದ್ಯವನ್ನಲ್ಲ ಎಂದರು ಇನ್ನು ಕೆಲವರು. ಹೋರಾಟದ ಹಾಡುಗಳಿಗೆ ತಮಟೆಯೇ ಜೊತೆಯಾಯಿತು. ಮೊದಲನೆಯವರ ಮಾತನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಾರಿಸಲು ಒಲ್ಲೆವೆಂದ ಮನೆಗಳಿಗೆ ಬಹಿಷ್ಕಾರ ಹಾಕಿದ ಸುದ್ದಿಗಳು ಆಮೇಲೂ ಪತ್ರಿಕೆಗಳಲ್ಲಿ ಬರುತ್ತಲೇ ಇದ್ದವು. ಬೇಡ ಎನ್ನುವ ಸ್ವಾತಂತ್ರ್ಯವಿಲ್ಲದ ಕಡೆ ಕಲೆ ಎಂಬ ಹೊಗಳಿಕೆಗೆ ಹೆಚ್ಚು ಬೆಲೆಯಿಲ್ಲ.

ಮುನಿವೆಂಕಟಪ್ಪನವರ ವಿಶೇಷ ಇರುವುದು ಇಲ್ಲಿ. ತಮಟೆಯನ್ನು ಹೆಣದ ಮುಂದಿನಿಂದ, ದೇವರ ಮುಂದಿನಿಂದ ವೇದಿಕೆಗೆ ತಂದವರಲ್ಲಿ ಅವರೊಬ್ಬರು. ಎಳೆಯರಿಗೆ ಕಲಿಸಿದರು. ಕಲಿಸುವುದು ಎಂದೊಡನೆ ಗುರು ಎಂಬ ಮಾತು ಬರುತ್ತದೆ, ಗುರುವಿಗೆ ಹೆಸರು ಇರಲೇಬೇಕು. ಸರದಿಯಿಂದ ಬಂದ ಕೆಲಸಕ್ಕೆ ಗುರುವಿನ ಅಗತ್ಯವೇ ಕಂಡಿರಲಿಲ್ಲ.

ಅದರ ಹಿಂದಿನ ವರ್ಷದ, 2022ರ ಪಟ್ಟಿಯಲ್ಲಿ ಕರ್ನಾಟಕದಿಂದ ಇನ್ನೊಂದು ಹೆಸರಿತ್ತು: ಕವಿ ಸಿದ್ಧಲಿಂಗಯ್ಯ. 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ ಅವರು ಇಪ್ಪತ್ತರ ಹರೆಯದ ತರುಣ. ಅವರ ಹಾಡುಗಳು ಪುಸ್ತಕಕ್ಕಿಂತ ಹೆಚ್ಚಾಗಿ ಮೆರವಣಿಗೆಗಳಲ್ಲಿ ಬದುಕಿದವು. 2021ರ ಜೂನ್‌ನಲ್ಲಿ ತೀರಿಕೊಂಡ ಅವರಿಗೆ ಪದ್ಮಶ್ರೀ ಬಂದದ್ದು ಮರಣೋತ್ತರವಾಗಿ. ಹಾಡು ಕಟ್ಟಿದವನೂ ತಮಟೆ ಹಿಡಿದವನೂ ಬೆನ್ನುಬೆನ್ನಿಗೆ ಎರಡು ವರ್ಷಗಳ ಪಟ್ಟಿಗಳಲ್ಲಿ ಬಂದದ್ದು ಆಕಸ್ಮಿಕವೇ ಇರಬಹುದು, ಆದರೂ ಬಹಳ ಚೆನ್ನಾದ ಆಕಸ್ಮಿಕ.

ಇಬ್ಬರಿಗೂ ಹಿರಿಯನೊಬ್ಬ ಕನ್ನಡದಲ್ಲಿ ಮೊದಲೇ ಇದ್ದ. ಹನ್ನೆರಡನೆಯ ಶತಮಾನದ ಶರಣರಲ್ಲಿ ಢಕ್ಕೆಯ ಬೊಮ್ಮಣ್ಣ ಎಂಬವನು ಮಾರಿಯನ್ನು ಹೊತ್ತು ಢಕ್ಕೆ ಬಾರಿಸುವ ಕಾಯಕದವನು ಎಂದು ಪ್ರತೀತಿ. ಢಕ್ಕೆ ತಮಟೆಗಿಂತ ಬೇರೆಯ ವಾದ್ಯ, ಆದರೆ ಸಮಾಜದಲ್ಲಿ ಅದನ್ನು ಬಾರಿಸುವವನಿಗಿದ್ದ ಜಾಗ ಬಹಳ ಬೇರೆಯಲ್ಲ. ಅವನು ವಚನಗಳನ್ನು ಬರೆದದ್ದರಿಂದ ಅವನ ಹೆಸರು ಉಳಿಯಿತು, ಹೆಸರಿನೊಡನೆ ವಾದ್ಯವೂ ಉಳಿಯಿತು. ವೀಣೆ ಶೇಷಣ್ಣನವರಿಗೆ ಏಳು ಶತಮಾನ ಮೊದಲೇ ಕನ್ನಡದಲ್ಲಿ ವಾದ್ಯವೊಂದು ಮನುಷ್ಯನ ಹೆಸರಿನ ಮುಂದೆ ನಿಂತದ್ದುಂಟು, ಅದೂ ಒಂದು ಚರ್ಮವಾದ್ಯ.

ಈಗ ಬೆಂಗಳೂರಿನ ಮೆರವಣಿಗೆಗಳಲ್ಲಿ ಚರ್ಮದ ಬದಲು ಫೈಬರ್ ಹಾಳೆ ಬಿಗಿದ ತಮಟೆಗಳು ಕಾಣಸಿಗುತ್ತವೆ. ಮಳೆ ಬಂದರೂ ಕಂಠ ಇಳಿಯುವುದಿಲ್ಲ, ಹುಲ್ಲಿನ ಬೆಂಕಿ ಬೇಕಿಲ್ಲ. ಸದ್ದು ಕೊಂಚ ಕರ್ಕಶವೇ ಆದರೂ ಸತ್ತ ದನದ ತೊಗಲನ್ನು ಮುಟ್ಟಬೇಕಾದ ಮಾತು ಅಲ್ಲಿ ಏಳುವುದಿಲ್ಲ. ತಂಡಗಳು ತಮ್ಮ ಹೆಸರು, ಫೋನ್ ನಂಬರುಗಳನ್ನು ತಮಟೆಯ ಮುಖದ ಮೇಲೆಯೇ ದೊಡ್ಡ ಅಕ್ಷರಗಳಲ್ಲಿ ಬರೆಸಿಕೊಳ್ಳುವುದೂ ಉಂಟು. ಹಿಡಿದು ನಿಂತಾಗ ಎದುರಿನವರಿಗೆ ಮೊದಲು ಕಾಣುವುದು ಅದೇ.